ಸುಂಟರಗಾಳಿ ಅಂದವರು ಯಾರು, ಅಳೆದವರು ಯಾರು? ಅನ್ನಾ ಮಣಿ ಬದುಕು ಕಲಿಸುವ ಲೆಕ್ಕ

ಏಪ್ರಿಲ್-ಮೇ ಬಂತೆಂದರೆ ಪಶ್ಚಿಮ ಬೆಂಗಳೂರಿನ ಸಂಜೆಗಳು ಹೇಗಿರುತ್ತವೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಮಧ್ಯಾಹ್ನವೆಲ್ಲ ಬೇಗೆ. ನಾಲ್ಕರ ಹೊತ್ತಿಗೆ ಒಂದು ಕಡೆ ಮೋಡ ಕಪ್ಪಾಗುತ್ತೆ, ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ನುಗ್ಗುತ್ತೆ. ಹತ್ತು-ಹದಿನೈದು ನಿಮಿಷ ಅಷ್ಟೇ. ಆಮೇಲೆ ನೋಡಿದರೆ ರಾಜಾಜಿನಗರದಲ್ಲಿ ಒಂದು ಗುಲ್‌ಮೊಹರ್ ಕಾರಿನ ಮೇಲೆ, ವಿಜಯನಗರದಲ್ಲಿ ಒಂದು ಕೊಂಬೆ ಕರೆಂಟ್ ತಂತಿ ಮೇಲೆ, ಬಸವೇಶ್ವರನಗರದ ಅರ್ಧ ಬಡಾವಣೆ ಕತ್ತಲಲ್ಲಿ. ಅಷ್ಟರೊಳಗೆ ಬೆಂಗಳೂರಿಗೆ ಸುಂಟರಗಾಳಿ ಅಪ್ಪಳಿಸಿತು ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಓಡಾಡ್ತಿರುತ್ತೆ. ಟಿವಿಯ ಕೆಳಗಿನ ಪಟ್ಟಿಯಲ್ಲೂ ಅದೇ ಪದ. ಮರುದಿನ ಅಧಿಕಾರಿಗಳು ಹಿಂದೆಂದೂ ಕಾಣದ ಗಾಳಿ ಅಂತ ಹೇಳಿ ಗರಗಸ ಕಳಿಸುತ್ತಾರೆ.

ಎಷ್ಟು ಗಾಳಿ? ಗಂಟೆಗೆ 50 ಕಿಲೋಮೀಟರೋ, 100 ಕಿಲೋಮೀಟರೋ? ಇದನ್ನು ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ.

ಇದು ಬರೀ ಪದದ ಜಗಳ ಅಲ್ಲ. ಗಾಳಿ ಮರದ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಒತ್ತಡ ಸುಮಾರು ನಾಲ್ಕು ಪಟ್ಟು. 100ರ ಗಾಳಿಗೆ ಮರ ಬಿದ್ದರೆ ಪ್ರಕೃತಿ ವಿಕೋಪ ಅನ್ನಬಹುದು. ವರ್ಷವರ್ಷವೂ ಬರುವ 50ರ ಗಾಳಿಗೇ ಬಿದ್ದರೆ? ಆಗ ಬುಡದವರೆಗೂ ಕಾಂಕ್ರೀಟ್ ಸುರಿದವರು ಯಾರು, ಒಳಚರಂಡಿಗೆ ಅಗೆಯುವಾಗ ಬೇರು ಕಡಿದವರು ಯಾರು ಅನ್ನೋ ಪ್ರಶ್ನೆ ಏಳುತ್ತೆ. ಮರದ ಸುತ್ತ ಒಂದು ಮೀಟರ್ ಜಾಗದಲ್ಲಿರುವ ಕಾಂಕ್ರೀಟ್ ತೆಗೆಯಿರಿ ಅಂತ ಹಸಿರು ನ್ಯಾಯಮಂಡಳಿ ದೆಹಲಿಗೆ ಹೇಳಿದ್ದು 2013ರಲ್ಲಿ. ನಮ್ಮಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಸುಂಟರಗಾಳಿ ಅನ್ನೋ ಒಂದು ಪದ ಸಿಕ್ಕರೆ ಇಬ್ಬರೂ ಬಚಾವ್. ಆಕಾಶದ ಮೇಲೆ ಎಫ್‌ಐಆರ್ ಹಾಕೋಕಾಗಲ್ಲ ನೋಡಿ.

ಹವಾಮಾನದ ಸುದ್ದಿಯನ್ನು ನಂಬೋದು ಹೇಗೆ ಅನ್ನೋ ಪ್ರಶ್ನೆಯ ಹಿಂದೆ ಇಡೀ ಬದುಕು ಸವೆಸಿದ ಒಬ್ಬರಿದ್ದರು. ಆ ಬದುಕಿನ ಮೊದಲ ಮುಖ್ಯ ಅಧ್ಯಾಯ ನಡೆದದ್ದು ರಾಜಾಜಿನಗರಕ್ಕೆ ತೀರಾ ಹತ್ತಿರದಲ್ಲಿ, ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹೆಸರು ಅನ್ನಾ ಮಣಿ. 2022ರ ಆಗಸ್ಟ್ 23ರಂದು ಗೂಗಲ್ ಡೂಡಲ್ ಹಾಕಿದಾಗ ಒಂದು ದಿನ ಎಲ್ಲರ ಸ್ಟೇಟಸ್‌ನಲ್ಲೂ ಇದ್ದರು. ಭಾರತದ ಹವಾಮಾನ ಮಹಿಳೆ ಅನ್ನೋ ಬಿರುದಿನ ಆಚೆಗೆ ಆಕೆ ಏನು ಮಾಡಿದರು ಅನ್ನೋದು ಆ ಸ್ಟೇಟಸ್‌ಗಳಲ್ಲಿ ಅಷ್ಟಾಗಿ ಇರಲಿಲ್ಲ.

ಹುಟ್ಟಿದ್ದು 1918ರಲ್ಲಿ, ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ತಂದೆ ಸಿವಿಲ್ ಇಂಜಿನಿಯರ್, ಏಲಕ್ಕಿ ತೋಟಗಳ ಒಡೆಯ. ಎಂಟು ಮಕ್ಕಳಲ್ಲಿ ಈಕೆ ಏಳನೆಯವರು. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡುವ ಪದ್ಧತಿ. ಅನ್ನಾ ಓಲೆ ಬೇಡ ಅಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿದರು. ವೈಕಂ ಸತ್ಯಾಗ್ರಹದ ಹೊತ್ತಿಗೆ, 1925ರಲ್ಲಿ, ಗಾಂಧಿ ಆ ಕಡೆ ಬಂದಿದ್ದರು. ಅದರ ಪ್ರಭಾವ ಈ ಹುಡುಗಿಯ ಮೇಲೆ ಖಾದಿಯಾಗಿ ಉಳಿಯಿತು. ಅಕ್ಕಂದಿರು ಬೇಗ ಮದುವೆಯಾದರು, ಈಕೆ ಮದ್ರಾಸಿಗೆ ಓದಲು ಹೋದರು. ಕೊನೆವರೆಗೂ ಮದುವೆಯಾಗಲಿಲ್ಲ.

1940ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಬೆಂಗಳೂರಿಗೆ ಬಂದರು. ಸೇರಿದ್ದು ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಮನ್ ದೊಡ್ಡ ವಿಜ್ಞಾನಿ, ಅನುಮಾನವಿಲ್ಲ. ಆದರೆ 1933ರಲ್ಲಿ ಕಮಲಾ ಸೊಹೋನಿ ಇದೇ ಸಂಸ್ಥೆಗೆ ಸೇರಲು ಬಂದಾಗ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಬೇಡ ಅಂದವರೂ ಅವರೇ. ಕಮಲಾ ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಅನ್ನಾ ಬರುವ ಹೊತ್ತಿಗೆ ಬಾಗಿಲು ತೆರೆದಿತ್ತು, ಆದರೆ ಒಳಗೆ ಹುಡುಗಿಯರು ಹುಡುಗರ ಜೊತೆ ಕೂತು ಹರಟುವಂತಿರಲಿಲ್ಲ. ವಿಜ್ಞಾನ ಬೆಳೆಯೋದೇ ಹರಟೆಯಲ್ಲಿ, ಕ್ಯಾಂಟೀನಿನ ಜಗಳದಲ್ಲಿ. ಅದರಿಂದ ಹೊರಗಿಟ್ಟರೆ ಉಳಿಯೋದು ಒಂಟಿ ದುಡಿಮೆ.

ಆ ಒಂಟಿ ದುಡಿಮೆಯನ್ನು ಆಕೆ ಮಾಡಿದ್ದು ವಜ್ರಗಳ ಮೇಲೆ. ಓಲೆ ಬೇಡ ಅಂದವರ ಕೈಗೆ ರಾಮನ್ ತಮ್ಮ ಸಂಗ್ರಹದ ವಜ್ರಗಳನ್ನೇ ಕೊಟ್ಟರು. ಮೂವತ್ತಕ್ಕೂ ಹೆಚ್ಚು ಕಲ್ಲುಗಳು. ಅವುಗಳನ್ನು ದ್ರವ ಗಾಳಿಯ ತಾಪಮಾನಕ್ಕೆ ತಣಿಸಿ, ಹೊಮ್ಮುವ ಮಂದ ಬೆಳಕನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯೋದು ಕೆಲಸ. ಒಂದು ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರು. ಹದಿನೆಂಟು ಗಂಟೆ ಕಾದ ಮೇಲೆ ಪ್ಲೇಟ್ ಅಲುಗಿತ್ತು ಅಂತ ಗೊತ್ತಾದರೆ ಮತ್ತೆ ಮೊದಲಿಂದ. ಉತ್ತರ ಮೊದಲೇ ಗೊತ್ತಿಟ್ಟುಕೊಂಡು ಅದಕ್ಕೆ ಸರಿಹೋಗುವ ರೀಡಿಂಗ್ ಬರೆಯೋ ಕಲೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ರೆಕಾರ್ಡುಗಳಲ್ಲಿ ಚೆನ್ನಾಗಿ ಬೆಳೆದಿದೆ. ಅನ್ನಾ ಮಣಿ ಅವರ ತರಬೇತಿ ಇದಕ್ಕೆ ನೇರ ವಿರುದ್ಧ. ಕಂಡದ್ದನ್ನು ಮಾತ್ರ ಬರೆಯಬೇಕು, ಕಾಣದಿದ್ದರೆ ಕಾಯಬೇಕು.

1942ರಿಂದ 1945ರ ನಡುವೆ ವಜ್ರ ಮತ್ತು ಮಾಣಿಕ್ಯದ ಬಗ್ಗೆ ಐದು ಪ್ರಬಂಧ ಪ್ರಕಟಿಸಿದರು, ಎಲ್ಲವೂ ಆಕೆಯೊಬ್ಬರ ಹೆಸರಿನಲ್ಲೇ. 1945ರ ಆಗಸ್ಟ್‌ನಲ್ಲಿ ಪಿಎಚ್‌ಡಿಗೆ ಪ್ರೌಢಪ್ರಬಂಧ ಸಲ್ಲಿಸಿದರು. ಆಗ ವಿಜ್ಞಾನ ಸಂಸ್ಥೆಗೆ ತಾನೇ ಪದವಿ ಕೊಡುವ ಅಧಿಕಾರ ಇರಲಿಲ್ಲ, ಕೊಡಬೇಕಾದದ್ದು ಮದ್ರಾಸ್ ವಿಶ್ವವಿದ್ಯಾಲಯ. ಅದು ಕೊಡಲಿಲ್ಲ. ಎಂಎಸ್ಸಿ ಇಲ್ಲ ಅನ್ನೋದು ಕಾರಣ. ಬಿಎಸ್ಸಿ ಆನರ್ಸ್ ಇತ್ತು, ಸಂಶೋಧನಾ ವೇತನ ಅದರ ಮೇಲೇ ಸಿಕ್ಕಿತ್ತು, ಐದು ಪ್ರಬಂಧಗಳಿದ್ದವು. ಫಾರ್ಮಿನ ಒಂದು ಕಾಲಂ ಖಾಲಿ ಇತ್ತು, ಅಷ್ಟೇ.

ಇಳಿವಯಸ್ಸಿನಲ್ಲಿ ಯಾರಾದರೂ ಇದನ್ನು ಕೇಳಿದರೆ ಅದರಿಂದ ತಮಗೇನೂ ನಷ್ಟವಾಗಲಿಲ್ಲ ಅನ್ನುತ್ತಿದ್ದರು. ಹೆಣ್ಣಾದ್ದರಿಂದ ತೊಂದರೆಯಾಯಿತು ಅನ್ನೋ ಮಾತನ್ನೂ ಒಪ್ಪುತ್ತಿರಲಿಲ್ಲ. ಆಕೆಯ ಸ್ವಾಭಿಮಾನ ನನಗೆ ಅರ್ಥವಾಗುತ್ತೆ. ಆದರೆ ಪೂರ್ತಿ ಒಪ್ಪೋಕೆ ಆಗಲ್ಲ. ಒಬ್ಬರು ದಾಟಿಹೋದರು ಅಂದ ಮಾತ್ರಕ್ಕೆ ಅಲ್ಲಿ ಗೋಡೆಯೇ ಇರಲಿಲ್ಲ ಅಂತಾಗುವುದಿಲ್ಲ.

ಮುಂದಿನದು ಆಕಸ್ಮಿಕ. ಇಂಗ್ಲೆಂಡಿನಲ್ಲಿ ಭೌತಶಾಸ್ತ್ರ ಓದಬೇಕೆಂದಿದ್ದರು. ಸಿಕ್ಕ ವಿದ್ಯಾರ್ಥಿವೇತನ ಇದ್ದದ್ದು ಹವಾಮಾನ ಉಪಕರಣಗಳ ತರಬೇತಿಗೆ. ಯುದ್ಧ ಮುಗಿದ ವರ್ಷ, ಸೈನಿಕರ ಹಡಗು ಹತ್ತಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. 1948ರಲ್ಲಿ ವಾಪಸು ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ದೇಶ ಆಗಷ್ಟೇ ಸ್ವತಂತ್ರ. ಥರ್ಮಾಮೀಟರ್‌ನಂಥ ಸಾದಾ ವಸ್ತುವೂ ವಿದೇಶದಿಂದ ಬರಬೇಕಿತ್ತು. ಎಸ್.ಪಿ. ವೆಂಕಟೇಶ್ವರನ್ ಅನ್ನುವ ಅಧಿಕಾರಿ ಅಲ್ಲೊಂದು ಕಾರ್ಯಾಗಾರ ಕಟ್ಟುತ್ತಿದ್ದರು. ಅನ್ನಾ ಅದಕ್ಕೆ ಕೈಹಾಕಿದರು. 1953ರ ಹೊತ್ತಿಗೆ ವಿಭಾಗದ ಮುಖ್ಯಸ್ಥೆ, ಕೈಕೆಳಗೆ 121 ಮಂದಿ ಗಂಡಸರು. ಸುಮಾರು 100 ಬಗೆಯ ಉಪಕರಣಗಳ ನಕ್ಷೆ ಸಿದ್ಧಪಡಿಸಿ, ಇಲ್ಲೇ ತಯಾರಿಸುವ ಹಾಗೆ ಮಾಡಿದರು.

ನಕ್ಷೆ ಬರೆಯೋದರಲ್ಲಿ ಏನು ಮಹಾ ಅನ್ನಿಸಬಹುದು. ಮಳೆಮಾಪಕವನ್ನೇ ತೆಗೆದುಕೊಳ್ಳಿ. ಬಾಯಿಯ ವ್ಯಾಸ ನೂರಕ್ಕೆ ಎರಡರಷ್ಟು ಹೆಚ್ಚಾದರೆ ಅದರೊಳಗೆ ನೂರಕ್ಕೆ ನಾಲ್ಕರಷ್ಟು ಹೆಚ್ಚು ನೀರು ಬೀಳುತ್ತೆ. ಒಬ್ಬ ಲೇತ್ ಕೆಲಸಗಾರನ ಕೈ ಜಾರಿದರೆ ಒಂದು ಜಿಲ್ಲೆಗೆ ಇಲ್ಲದ ಮಳೆ ಬಂದಂತಾಗುತ್ತೆ. ಬರ ಪರಿಹಾರ, ಬೆಳೆ ವಿಮೆ ಎಲ್ಲ ನಿಂತಿರುವುದು ಇಂಥ ಅಂಕಿಗಳ ಮೇಲೆ.

ಗಾಳಿಯ ಕಥೆ ಇನ್ನೂ ಸ್ವಾರಸ್ಯ. ತಿರುಗುವ ಬಟ್ಟಲುಗಳ ಗಾಳಿಮಾಪಕ, ಅಂದರೆ ಅನಿಮೋಮೀಟರ್ ಅನ್ನು 1846ರಲ್ಲಿ ರೂಪಿಸಿದ್ದು ಐರ್ಲೆಂಡಿನ ರಾಬಿನ್ಸನ್ ಎಂಬ ಖಗೋಳಜ್ಞ. ಬಟ್ಟಲು ಎಷ್ಟೇ ದೊಡ್ಡದಿರಲಿ, ಗಾಳಿ ಅದರ ಮೂರು ಪಟ್ಟು ವೇಗದಲ್ಲಿ ಬೀಸುತ್ತೆ ಅಂತ ಆತ ನಂಬಿದ್ದ. ಜಗತ್ತೂ ನಂಬಿತು. ದಶಕಗಳ ನಂತರ ಪರೀಕ್ಷಿಸಿದಾಗ, ಆ ಕಾಲದ ದೊಡ್ಡ ಉಪಕರಣಗಳಲ್ಲಿ ಅದು ಮೂರಲ್ಲ, ಸುಮಾರು 2.2 ಅಂತ ಗೊತ್ತಾಯಿತು. ಅಂದರೆ ಪುಸ್ತಕದಲ್ಲಿ 100 ಅಂತ ಬರೆದಿದ್ದ ಬಿರುಗಾಳಿ ನಿಜಕ್ಕೂ 73ರದ್ದು. ಯಾರೂ ಸುಳ್ಳು ಹೇಳಿರಲಿಲ್ಲ. ಬಟ್ಟಲು ಪ್ರಾಮಾಣಿಕವಾಗಿ ತಿರುಗಿತ್ತು, ನೌಕರ ಪ್ರಾಮಾಣಿಕವಾಗಿ ಬರೆದಿದ್ದ, ವರದಿ ಮಾತ್ರ ತಪ್ಪು.

ಅನ್ನಾ ಮಣಿ ಜಗಳ ಆಡಿದ್ದು ಇಂಥ ತಪ್ಪಿನ ಜೊತೆ. ಪುಣೆಯಿಂದ ಹೊರಡುವ ಪ್ರತಿ ಉಪಕರಣವನ್ನೂ ಮಾನಕ ಉಪಕರಣದ ಪಕ್ಕ ಇಟ್ಟು ಹೋಲಿಸಬೇಕು. ವ್ಯತ್ಯಾಸ ಎಷ್ಟು ಅಂತ ಬರೆದಿಡಬೇಕು. ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕು, ಯಾಕಂದರೆ ಬೇರಿಂಗ್ ಸವೆಯುತ್ತೆ, ಧೂಳು ಕೂರುತ್ತೆ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ವಾಸಿ ಅನ್ನೋದು ಆಕೆಯ ಖಚಿತ ನಿಲುವು. ಮೊದಲ ಸಲ ಕೇಳಿದಾಗ ಇದು ಅತಿ ಅನ್ನಿಸುತ್ತೆ. ಏನೋ ಒಂದು ಅಂಕಿ ಇದ್ದರೆ ವಾಸಿ ಅಲ್ವಾ? ಅಲ್ಲ. ಅಂಕಿ ಇಲ್ಲದಿದ್ದರೆ ಗೊತ್ತಿಲ್ಲ ಅಂತಾದರೂ ಒಪ್ಪಿಕೊಳ್ಳುತ್ತೇವೆ. ತಪ್ಪು ಅಂಕಿ ಒಮ್ಮೆ ಫೈಲಿಗೆ ಹೋದರೆ ಅದರ ಮೇಲೆ ಸೇತುವೆ ಕಟ್ಟುತ್ತೇವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸುಂಟರಗಾಳಿ ಅನಿಮೋಮೀಟರ್ ಇರುವ ಜಾಗ ಹುಡುಕಿಕೊಂಡು ಬರುತ್ತಾ? ಬರಲ್ಲ. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್, ಆಯಸ್ಸು ನಿಮಿಷಗಳ ಲೆಕ್ಕ. ಎದುರು ಸಿಕ್ಕ ಉಪಕರಣವನ್ನೂ ಮುರಿದು ಹೋಗುತ್ತೆ. ಈ ಸಮಸ್ಯೆ ಬಿಡಿಸಲು ಹೊರಟವರು ಅನ್ನಾ ಮಣಿಗಿಂತ ಎರಡು ವರ್ಷ ಚಿಕ್ಕವರಾದ ಟೆಟ್ಸುಯಾ ಫುಜಿಟಾ. ಜಪಾನಿನಲ್ಲಿ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ (ನಮ್ಮವರೇ!), ಕೆಲಸ ಮಾಡಿದ್ದು ಷಿಕಾಗೋದಲ್ಲಿ. 1945ರಲ್ಲಿ ನಾಗಾಸಾಕಿಯ ಬಾಂಬ್ ಹಾನಿಯನ್ನು ಸಮೀಕ್ಷೆ ಮಾಡಿದ ಕಣ್ಣು ಅದು. ಗಾಳಿಯನ್ನು ಅಳೆಯಲಾಗದಿದ್ದರೆ ಗಾಳಿ ಮಾಡಿದ ಹಾನಿಯನ್ನು ಓದೋಣ ಅಂತ 1971ರಲ್ಲಿ ಎಫ್0ಯಿಂದ ಎಫ್5ರವರೆಗೆ ಒಂದು ಶ್ರೇಣಿ ಮಾಡಿದರು. ಇವತ್ತಿಗೂ ಅಮೆರಿಕದಲ್ಲಿ ಬಿರುಗಾಳಿ ಬೆನ್ನಟ್ಟುವವರು ಎಷ್ಟೇ ವಿಡಿಯೋ ಹಾಕಲಿ, ಸುಂಟರಗಾಳಿಗೆ ಅಧಿಕೃತ ದರ್ಜೆ ಸಿಗೋದು ತರಬೇತಿ ಪಡೆದ ತಂಡ ಜಾಗಕ್ಕೆ ಹೋಗಿ ಮುರಿದ ಮನೆ, ಮರ ನೋಡಿದ ಮೇಲೆಯೇ. ಆ ಶ್ರೇಣಿಯ ವೇಗಗಳು ಮೇಲಿನ ದರ್ಜೆಗಳಲ್ಲಿ ಅತಿ ಹೆಚ್ಚು ಅಂತ ಕಂಡಾಗ 2007ರಲ್ಲಿ ತಿದ್ದಿ, 28 ಬಗೆಯ ಕಟ್ಟಡ-ಮರಗಳ ಪಟ್ಟಿಗೆ ಹೊಂದಿಸಿದರು.

ನಮಗೆ ಹೆಚ್ಚು ಬೇಕಾದ ಫುಜಿಟಾ ಪಾಠ ಬೇರೆ ಇದೆ. 1974ರಲ್ಲಿ ವಿಮಾನದಿಂದ ಕಾಡುಗಳನ್ನು ನೋಡುವಾಗ ಕೆಲವೆಡೆ ಮರಗಳು ಸುಳಿಯಂತೆ ಬಿದ್ದಿರಲಿಲ್ಲ, ನಡುವಿನಿಂದ ಹೊರಕ್ಕೆ ನಕ್ಷತ್ರದಂತೆ ಚಾಚಿ ಬಿದ್ದಿದ್ದವು. ಅದು ಸುಂಟರಗಾಳಿ ಅಲ್ಲ. ಗುಡುಗು ಮೋಡದಿಂದ ತಣ್ಣನೆ ಗಾಳಿ ಧೊಪ್ಪನೆ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಸುತ್ತ ಹರಡಿದ ಗುರುತು. ಇದನ್ನೇ ಡೌನ್‌ಬರ್ಸ್ಟ್ ಅಂತ ಕರೆದರು. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತದ್ದಕ್ಕೆ ಇದೇ ಕಾರಣ ಅಂದಾಗ ಬಹಳ ತಜ್ಞರು ನಂಬಲಿಲ್ಲ. ಆಮೇಲೆ ರೇಡಾರ್ ಹಾಕಿ ಅಳೆದು ತೋರಿಸಿದರು. ನಮ್ಮ ಮೇ ತಿಂಗಳ ಸಂಜೆಯ ಆ ತಣ್ಣನೆ ಗಾಳಿ ಬಹುಪಾಲು ಈ ಜಾತಿಯದು. ಕನ್ನಡದಲ್ಲಿ ಚಂಡಮಾರುತ, ಸುಂಟರಗಾಳಿ, ಬಿರುಗಾಳಿ, ಬಯಲಲ್ಲಿ ಧೂಳೆಬ್ಬಿಸುವ ಸುಳಿಗಾಳಿ ಅಂತ ಬೇರೆ ಬೇರೆ ಪದಗಳಿವೆ. ಟಿವಿಯವರು ಎಲ್ಲದಕ್ಕೂ ಒಂದೇ ಬಳಸುತ್ತಾರೆ. ಮರ ಬಿದ್ದ ಬೆಳಗ್ಗೆ, ಗರಗಸ ಬರೋ ಮೊದಲು, ಅಕ್ಕಪಕ್ಕದ ನಾಲ್ಕು ರಸ್ತೆಯ ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಅಂತ ಫೋನಿನ ದಿಕ್ಸೂಚಿಯಲ್ಲಿ ನೋಡಿ, ಬುಡದ ಫೋಟೋ ಸಮೇತ ಬರೆದಿಡಿ. ಯಾವ ವಿಡಿಯೋಗಿಂತಲೂ ಒಳ್ಳೆಯ ಸಾಕ್ಷಿ ಅದು.

ಅನ್ನಾ ಮಣಿ ಕಥೆಗೆ ವಾಪಸು ಬರೋಣ. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದುದ್ದಕ್ಕೂ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1963ರಲ್ಲಿ ವಿಕ್ರಮ್ ಸಾರಾಭಾಯಿ ಕೇಳಿದಾಗ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಮಾಡಿಕೊಟ್ಟರು. ಬಲೂನಿನಲ್ಲಿ ಹಾರಿಸುವ ಓಝೋನ್ ಮಾಪಕವನ್ನು ಇಲ್ಲೇ ತಯಾರಿಸಿದರು. 1976ರಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ನಿವೃತ್ತಿ ಆದ ಮೇಲೆ ಬಂದದ್ದು ಬೆಂಗಳೂರಿಗೇ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿ. 1980ರಲ್ಲಿ ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ ತಂದರು. ಸೌರ ವಿದ್ಯುತ್ತಿನ ಬಗ್ಗೆ ಇಲ್ಲಿ ಇನ್ನೂ ಯಾರೂ ಅಷ್ಟಾಗಿ ಮಾತಾಡದ ಕಾಲ ಅದು. ಗಾಳಿ ಮತ್ತು ಬಿಸಿಲು ಅಳೆಯುವ ಉಪಕರಣ ಮಾಡುವ ಸಣ್ಣ ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ಶುರುಮಾಡಿದರು. ಆಮೇಲೆ ಕೈಗೆತ್ತಿಕೊಂಡದ್ದು ದೇಶದ ಗಾಳಿಯ ಸಮೀಕ್ಷೆ. 700ಕ್ಕೂ ಹೆಚ್ಚು ಜಾಗಗಳ ಗಾಳಿಯ ಲೆಕ್ಕ, ಆಕೆಗೆ ಆಗ ಅರವತ್ತು ದಾಟಿತ್ತು.

ಗಾಳಿಯಿಂದ ಸಿಗುವ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚು ಅಂತ ತಪ್ಪಾಗಿ ಅಳೆದರೆ ವಿದ್ಯುತ್ ಲೆಕ್ಕ ನೂರಕ್ಕೆ ಮೂವತ್ತಮೂರರಷ್ಟು ಉಬ್ಬುತ್ತೆ. ಅಂಥ ಲೆಕ್ಕ ನಂಬಿ ಸಾಲ ಕೊಟ್ಟ ಬ್ಯಾಂಕು ಮುಳುಗುತ್ತೆ, ಜಮೀನು ಕೊಟ್ಟ ರೈತನೂ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಇವತ್ತು ತಿರುಗುತ್ತಿರುವ ಫ್ಯಾನುಗಳನ್ನು ನೋಡುವಾಗ ಇದು ನೆನಪಿರಲಿ. ಗಿರಣಿ ನಿಲ್ಲಿಸೋ ಮೊದಲು ಗಾಳಿಗೆ ವರ್ಷಗಟ್ಟಲೆ ಕಿವಿಗೊಡಬೇಕು ಅನ್ನೋ ಶಿಸ್ತನ್ನು ಈ ದೇಶದಲ್ಲಿ ಕಟ್ಟಿದವರಲ್ಲಿ ಆಕೆ ಮೊದಲಿಗರು.

ಹಳೆಯ ಒಂದು ಅಳತೆ ಎಷ್ಟು ದೂರ ಬರುತ್ತೆ ಅನ್ನೋದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಬಂತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿಯಿತು. ಮುರಿದದ್ದು 1891ರ ಜೂನ್ 16ರ 101.6 ಮಿಲಿಮೀಟರನ್ನು. ಕ್ಯಾಲ್ಕುಲೇಟರ್ ತೆಗೆದು 25.4ರಿಂದ ಭಾಗಿಸಿ. ಸರಿಯಾಗಿ ನಾಲ್ಕು ಇಂಚು. ಅಂದು ಯಾರೋ ಒಬ್ಬ ನೌಕರ ನೆನೆದುಕೊಂಡು ಹೋಗಿ ಗಾಜಿನ ಅಳತೆ ಪಾತ್ರೆ ನೋಡಿ ಬರೆದ ಅಂಕಿ, 133 ವರ್ಷದ ನಂತರ ನಮ್ಮ ಹೆಡ್‌ಲೈನ್ ಆಯಿತು. ಆ ಮಳೆಗೂ ನಗರದಲ್ಲಿ ನೂರಾರು ಮರ ಉರುಳಿದವು. ಮಳೆ ಎಷ್ಟು ಅಂತ ದಶಮಾಂಶ ಸಮೇತ ಎಲ್ಲರೂ ಬರೆದರು. ಗಾಳಿ ಎಷ್ಟು, ಯಾವ ರಸ್ತೆಯಲ್ಲಿ ಎಷ್ಟು ಅಂತ ಅಷ್ಟೇ ಜೋರಾಗಿ ಕೇಳಿದವರು ಸಿಗೋದು ಕಷ್ಟ.

ಮುಂದಿನ ಸಲ ಗಂಟೆಗೆ ಇಷ್ಟು ಕಿಲೋಮೀಟರ್ ಗಾಳಿ ಅಂತ ಯಾರಾದರೂ, ಅಧಿಕಾರಿಯೋ ಆಪ್‌ ಒಂದೋ, ಹೇಳಿದರೆ ಅನ್ನಾ ಮಣಿ ಕೇಳುತ್ತಿದ್ದಂಥ ಪ್ರಶ್ನೆಗಳನ್ನೇ ಕೇಳಬಹುದು. ಮಾಪಕ ಎಲ್ಲಿದೆ? ತೆರೆದ ಜಾಗದಲ್ಲಿ ನೆಲದಿಂದ ಹತ್ತು ಮೀಟರ್ ಎತ್ತರ ಅನ್ನೋದು ನಿಯಮ. ಅಪಾರ್ಟ್‌ಮೆಂಟಿನ ತಾರಸಿ ಮೇಲಿದ್ದರೆ ಗೋಡೆಗೆ ಬಡಿದು ಮೇಲೆದ್ದ ಗಾಳಿಯೂ ಲೆಕ್ಕಕ್ಕೆ ಸೇರಿರುತ್ತೆ. ಹೇಳುತ್ತಿರುವುದು ಮೂರು ಸೆಕೆಂಡಿನ ಬೀಸೋ, ಹತ್ತು ನಿಮಿಷದ ಸರಾಸರಿಯೋ? ಎರಡಕ್ಕೂ ಬಹಳ ಅಂತರ ಇರುತ್ತೆ. ಕೊನೆಯ ಸಲ ಕ್ಯಾಲಿಬ್ರೇಷನ್ ಮಾಡಿಸಿದ್ದು ಯಾವ ತಾರೀಕು? ಈ ಮೂರನೆಯದಕ್ಕೆ ಉತ್ತರ ಬರದಿದ್ದರೆ ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ ಸಾಕು.

1994ರಲ್ಲಿ ಪಾರ್ಶ್ವವಾಯು ಬಡಿದು ಅನ್ನಾ ಮಣಿ ಹಾಸಿಗೆ ಹಿಡಿದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು, 83 ತುಂಬಲು ಒಂದು ವಾರ ಬಾಕಿ ಇತ್ತು. ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡದ ಆ ಪ್ರೌಢಪ್ರಬಂಧ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಉಳಿದವರ ಪ್ರಬಂಧಗಳ ಜೊತೆಯಲ್ಲೇ ಇದೆ.